ನಾಲಿಗಮ್ಮನ ಮೂರು ಲೋಟ

ಅವಳನ್ನು ಎಲ್ಲರೂ ನಾಲಿಗಮ್ಮ ಎನ್ನುತ್ತಿದ್ದರು. ಬಾಯಿಬಡುಕಿ ಎಂದೇನೂ ಅಲ್ಲ. ಮಾತಿನಲ್ಲಿ ಅವಳು ಬಲು ಜಿಪುಣಿ. ಟೊಮೆಟೊ ಸಾಸ್ ತಯಾರಿಸುವ ಆ ಕಾರ್ಖಾನೆಯಲ್ಲಿ ನಾನೂರು ಜನರ ಕೈಗಳು ಕೆಲಸ ಮಾಡುತ್ತಿದ್ದವು, ಮೂವತ್ತು ಜನರ ತಲೆಗಳು ಕೆಲಸ ಮಾಡುತ್ತಿರುವಂತೆ ನಟಿಸುತ್ತಿದ್ದವು, ನಾಲಿಗೆಯಿಂದ ದುಡಿಯುತ್ತಿದ್ದವಳು ಇವಳೊಬ್ಬಳೇ. ಅದೊಂದು ಬಿರುದು ಎಂದೇ ಅವಳು ತಿಳಿದಿದ್ದಳು. ಹಾಗೆ ತಿಳಿದದ್ದು ಎಂಥ ಪೆದ್ದುತನ ಎಂದು ಗೊತ್ತಾಗಲು ಹತ್ತೊಂಬತ್ತು ವರ್ಷ ಹಿಡಿಯಿತು.

ಕಾರ್ಖಾನೆ ಮೊದಲಿಗೆ ಕಾರ್ಖಾನೆಯಾಗಿರಲಿಲ್ಲ. ತಗಡು ಹೊದಿಸಿದ ಉದ್ದನೆಯ ಶೆಡ್ಡು, ಒಳಗೆ ಕಲಾಯಿ ಹಾಕಿದ ಆರು ತಾಮ್ರದ ಕೊಪ್ಪರಿಗೆ, ಅವುಗಳ ಒಡತಿ ದೊಡ್ಡಮ್ಮ. ಆಕೆ ಅಲ್ಲಿ ಯಾರಿಗೂ ನಿಜವಾದ ದೊಡ್ಡಮ್ಮನಲ್ಲ, ಆದರೆ ಬೈಯುವ ಹಕ್ಕು ಎಲ್ಲರ ಮೇಲೂ ಇತ್ತು. ಹಣ್ಣಿನ ಕಾಲದಲ್ಲಿ ಲಾರಿಗಳು ಗೇಟಿನಿಂದ ಮುಖ್ಯರಸ್ತೆಯ ತಿರುವಿನವರೆಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಹೆಂಗಸರು ತೊಟ್ಟಿಯ ಸುತ್ತ ಕೂತು ಹಣ್ಣು ಆರಿಸುತ್ತಿದ್ದರು: ಕೊಳೆತದ್ದು ಹಿಂದಕ್ಕೆ, ಗಟ್ಟಿಯಿದ್ದದ್ದು ಒಂದು ದಿನ ಗೋಣಿಯ ಕೆಳಗೆ, ಮಾಗಿದ್ದು ಕೊಪ್ಪರಿಗೆಗೆ. ಇವಳು ಹದಿನೇಳನೆಯ ವಯಸ್ಸಿಗೆ ಹಣ್ಣು ತೊಳೆಯಲು ಸೇರಿದವಳು. ಒಂದು ಮಧ್ಯಾಹ್ನ ಎರಡನೆಯ ಕೊಪ್ಪರಿಗೆಯ ಪಕ್ಕ ಹಾದುಹೋಗುವಾಗ ಸೌಟಿನ ತುದಿಯನ್ನು ಬೆರಳಿನಿಂದ ಸವರಿ ನೆಕ್ಕಿ, "ಇದಕ್ಕೆ ಎರಡು ಸಲ ಉಪ್ಪು ಬಿದ್ದಿದೆ" ಎಂದಳು. ಅಲ್ಲಿದ್ದವರು ಕಿಸಕ್ಕನೆ ನಕ್ಕರು. ದೊಡ್ಡಮ್ಮ ಬಂದು ವಿಚಾರಿಸಿದಾಗ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಹೇಳದೆ ಒಂದೊಂದು ಡಬ್ಬ ಉಪ್ಪು ಸುರಿದದ್ದು ಹೊರಬಿತ್ತು. ಮರುದಿನದಿಂದ ಇವಳ ಜಾಗ ಒಲೆಯ ಬಳಿ.

ಅವಳ ಕೆಲಸವೆಂದರೆ ಇಷ್ಟೇ. ಕುದಿಯುವ ಸಾಸ್‌ನ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟುಕೊಂಡು, ಆರಿಸಿ, ನೆಕ್ಕುವುದು. ದೊಡ್ಡಮ್ಮ ಎದುರು ನಿಂತು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು: "ಚೆನ್ನಾಗಿದೆಯೇನೇ?" ಇವಳು ಒಂದು ಕ್ಷಣ ಕಣ್ಣುಮುಚ್ಚಿ "ಇಳಿಸಿ" ಎಂದರೆ ಕೊಪ್ಪರಿಗೆ ಇಳಿಯಬೇಕು, "ಇನ್ನೊಂದು ಕುದಿ" ಎಂದರೆ ಯಾರಪ್ಪ ಬಂದರೂ ಇಳಿಯಬಾರದು. ಆ ಶೆಡ್ಡಿನ ಬೆಂಕಿ ನೋಡಿಕೊಳ್ಳುತ್ತಿದ್ದವನನ್ನೇ ಅವಳು ಮದುವೆಯಾದಳು. ಹೆಂಡತಿ ಕುದಿ ಅಂದರೆ ಕುದಿಸಬೇಕು, ಇಳಿಸು ಅಂದರೆ ಇಳಿಸಬೇಕು, ಮನೆಯಲ್ಲೂ ಅದೇ ಪಾಡು ಎಂದು ಅವನು ಸಾಯುವವರೆಗೂ ತಮಾಷೆ ಮಾಡಿದ.

ದೊಡ್ಡಮ್ಮ ಸತ್ತ ಮೇಲೆ ಮಕ್ಕಳು ಶೆಡ್ಡನ್ನು ಒಂದು ದೊಡ್ಡ ಕಂಪನಿಗೆ ಮಾರಿ ಕೈ ತೊಳೆದುಕೊಂಡರು. ಶೆಡ್ಡು ಹೋಗಿ ಮೂರು ಮಹಡಿ ಎದ್ದಿತು. ಮನುಷ್ಯರಿಗಿಂತ ಎತ್ತರದ ಸ್ಟೀಲಿನ ಟ್ಯಾಂಕುಗಳು ಬಂದವು. ಐದು ಕೊಪ್ಪರಿಗೆಗಳು ಗುಜರಿಗೆ ಹೋದವು. ಆರನೆಯದನ್ನು ಉಜ್ಜಿ ಹೊಳಪು ಕೊಟ್ಟು ಮುಂಬಾಗಿಲಲ್ಲಿಟ್ಟು ಅದರಲ್ಲೊಂದು ಹೂವಿನ ಗಿಡ ನೆಟ್ಟರು. ಹೂವು ಪ್ಲಾಸ್ಟಿಕ್ಕಿನದು. ಮುಂದೆ ಆ ಕಟ್ಟಡದೊಳಗೆ ಏನೇನು ನಡೆಯಿತೋ ಅದನ್ನೆಲ್ಲ ಬಾಗಿಲಲ್ಲೇ ಹೇಳಿಟ್ಟ ಹಾಗಿತ್ತು, ನೋಡುವ ಕಣ್ಣು ಯಾರಿಗೂ ಇರಲಿಲ್ಲ.

ಕಂಪನಿಯ ಜೊತೆಗೇ ಬಂದವರು ತೊಟ್ಟು ಸಾಹೇಬರು. ಆಹಾರ ವಿಜ್ಞಾನ ಓದಿದವರು, ಹೆಸರಿನ ಹಿಂದೆ ಮುಂದೆ ಬಾಲಗಳಿದ್ದವರು. ಕೋಟಿನ ಜೇಬಿನಲ್ಲಿ ಸದಾ ನಾಲ್ಕಾರು ಪುಟ್ಟ ಬಾಟಲಿ, ಒಂದು ಗಾಜಿನ ಕೊಳವೆ. ಅದರಿಂದ ಒಂದು ತೊಟ್ಟು ಬಿಟ್ಟರೆ ಸಕ್ಕರೆ ನೀರು ಅನಾನಸ್ ಆಗುತ್ತಿತ್ತು, ಎರಡು ತೊಟ್ಟು ಬಿಟ್ಟರೆ ಮಾವು. ಕೆಲಸಗಾರರು ಇಟ್ಟ ಹೆಸರು ಅವರಿಗೂ ಗೊತ್ತಿತ್ತು, ಬೇಸರಪಟ್ಟುಕೊಳ್ಳಲಿಲ್ಲ. ಅವರು ಯಾವುದಕ್ಕೂ ಬೇಸರಪಟ್ಟುಕೊಳ್ಳುವವರಲ್ಲ. ದನಿ ಎತ್ತಿದವರಲ್ಲ, ಒಬ್ಬರನ್ನೂ ಏಕವಚನದಲ್ಲಿ ಕರೆದವರಲ್ಲ. ಅಷ್ಟು ಮರ್ಯಾದೆ ಒಬ್ಬರಲ್ಲೇ ಸೇರಿದರೆ ಏನೋ ಕಳ್ಳತನ ನಡೆಯುತ್ತಿದೆ ಎಂದೇ ತಿಳಿಯಬೇಕು.

ಅವರೇ ಇವಳನ್ನು ಒಲೆಯ ಬಳಿಯಿಂದ ಎಬ್ಬಿಸಿ ಎರಡನೆಯ ಮಹಡಿಯ ರುಚಿ ಕೋಣೆಯಲ್ಲಿ ಕೂರಿಸಿದರು. ಬಿಳಿ ಗೋಡೆ, ಎಂಟು ಗೂಡು, ಗೂಡಿಗೊಂದು ಸ್ಟೂಲು. ಎದುರಿಗೆ ಕೈ ತೂರುವಷ್ಟು ಕಿಂಡಿ. ಮೇಲೆ ಕೆಂಪು ಬಲ್ಬು, ಬಣ್ಣ ನೋಡಿ ಯಾರೂ ತೀರ್ಮಾನಿಸಬಾರದು ಎಂದು. ಕಿಂಡಿಯಿಂದ ಮೂರು ಪುಟ್ಟ ಲೋಟ ಬರುತ್ತವೆ, ಪ್ರತಿ ಲೋಟಕ್ಕೂ ಒಂದು ನಂಬರು. ಎರಡರಲ್ಲಿ ಒಂದೇ ಸಾಸ್, ಮೂರನೆಯದರಲ್ಲಿ ಬೇರೆ. ಆ ಬೇರೆಯದು ಯಾವುದು ಎಂದು ಚೀಟಿಯಲ್ಲಿ ಗುರುತು ಹಾಕಬೇಕು, ಮಾತಾಡಬಾರದು. ಎಂಟು ಜನರಲ್ಲಿ ಆರು ಜನ ಸರಿಯಾಗಿ ಗುರುತಿಸಿದರೆ ಹೊಸ ಮಾದರಿ ರದ್ದು. ಆರಕ್ಕಿಂತ ಕಡಿಮೆಯಾದರೆ ಎರಡೂ ಒಂದೇ ಎಂದು ಲೆಕ್ಕ. ಹೊಸದು ಮಾರುಕಟ್ಟೆಗೆ ಹೋಗುತ್ತದೆ.

ಮೊದಲ ದಿನವೇ ಅವಳು ಕೇಳಿದ್ದಳು. "ಸಾರ್, ಯಾವುದು ಚೆನ್ನಾಗಿದೆ ಅಂತ ಎಲ್ಲಿ ಬರೀಬೇಕು?"

"ಅದನ್ನ ಬರೆಯೋ ಹಾಗಿಲ್ಲ ಅಮ್ಮಾ," ಎಂದರು ಸಾಹೇಬರು ಮೃದುವಾಗಿ. "ಯಾವುದು ಬೇರೆ ಅಂತ ಮಾತ್ರ."

"ಬೇರೆ ಆದ್ರೂ ಚೆನ್ನಾಗಿದ್ರೆ?"

"ಅದು ನಮ್ಮ ಪ್ರಶ್ನೆ ಅಲ್ಲ."

ದೊಡ್ಡಮ್ಮ ಇಪ್ಪತ್ತು ವರ್ಷ ಕೇಳಿದ ಪ್ರಶ್ನೆಯನ್ನು ಅವರು ಹೀಗೆ ಒಂದು ಮಾತಿನಲ್ಲಿ ಗುಡಿಸಿ ಹೊರಗೆ ಹಾಕಿದರು. ಇವಳಿಗೆ ಅದು ವಿಚಿತ್ರವೆನಿಸಿತು, ಆದರೆ ಓದಿದವರು, ಏನೋ ಇರುತ್ತದೆ ಎಂದು ಸುಮ್ಮನಾದಳು.

ಉಳಿದ ಏಳು ಜನರ ನಾಲಿಗೆಯ ಬಗ್ಗೆ ಹೇಳದಿರುವುದೇ ಲೇಸು, ಆದರೂ ಹೇಳುತ್ತೇನೆ. ಲೆಕ್ಕಪತ್ರದ ಗುಮಾಸ್ತನಿಗೆ ವರ್ಷವಿಡೀ ನೆಗಡಿ. ಸ್ಟೋರಿನವನು ಗೇಟಿನಾಚೆ ಸಿಗರೇಟು ಸೇದಿ, ಬಾಯಿ ಮುಕ್ಕಳಿಸಿ, ಮುಗ್ಧನ ಮುಖ ಹೊತ್ತು ಒಳಗೆ ಬರುತ್ತಿದ್ದ. ಟೈಪಿಸ್ಟ್ ಹೆಂಗಸು ಬರುತ್ತಿದ್ದದ್ದು ಬಾಯಿ ಶುಚಿಮಾಡಿಕೊಳ್ಳಲು ಕೊಡುವ ಬಿಸ್ಕತ್ತಿಗಾಗಿ. ಮಿಕ್ಕವರು ಗಡಿಯಾರ ನೋಡಲು ಬರುತ್ತಿದ್ದರು. ಈ ಮಹನೀಯರ ಮಧ್ಯೆ ಇವಳೊಬ್ಬಳು ನೆಟ್ಟಗೆ ಕೂತು, ಒಂದೊಂದು ಲೋಟವನ್ನೂ ಬಾಯಲ್ಲಿ ಹೊರಳಿಸಿ, ಬೇರೆಯದನ್ನು ತಪ್ಪದೆ ಹಿಡಿಯುತ್ತಿದ್ದಳು. ಇವಳು ಹಿಡಿದೂ ಹಿಡಿದೂ ಏನು ಬಂತು? ಏಳು ಜನ ಅಂದಾಜಿಗೆ ಗೀಚುತ್ತಿದ್ದರು. ಆರು ಎಂಬ ಸಂಖ್ಯೆ ಮುಟ್ಟುತ್ತಲೇ ಇರಲಿಲ್ಲ.

ಹೊಸದು ಒಪ್ಪಿಗೆಯಾದೊಡನೆ ಅದರ ಒಂದು ಬಾಟಲಿ ಫ್ರಿಜ್ಜಿನೊಳಗೆ ಹೋಗುತ್ತಿತ್ತು. ಅದೇ ಇನ್ನು ಮುಂದಿನ ಅಸಲು ಮಾದರಿ, ಮುಂದಿನ ಬದಲಾವಣೆಯನ್ನು ಅದರೊಂದಿಗೇ ಹೋಲಿಸಬೇಕು. ಮೊದಲ ವರ್ಷ ಹಣ್ಣಿನಲ್ಲಿ ಒಂದು ಪಾಲು ಇಳಿಸಿ ಕುಂಬಳದ ತಿರುಳು ಸೇರಿಸಿದರು. ಆಮೇಲೆ ತಿರುಳಿನಲ್ಲೂ ಒಂದು ಪಾಲು ಹೋಗಿ ಗಂಜಿಹಿಟ್ಟು ಬಂತು. ಹುಳಿ ಒಂದು ಡಬ್ಬದಿಂದ, ಕೆಂಪು ಇನ್ನೊಂದು ಡಬ್ಬದಿಂದ, ಘಮ ಸಾಹೇಬರ ಜೇಬಿನಿಂದ. ನಿನ್ನೆಯದಕ್ಕೂ ಇಂದಿನದಕ್ಕೂ ಕೂದಲೆಳೆಯ ವ್ಯತ್ಯಾಸ. ಹೀಗೆ ಒಂದೊಂದೇ ಎಳೆ ಕಿತ್ತು ಒಂದು ತಲೆಯನ್ನೇ ಬೋಳಿಸಿದರು, ಕನ್ನಡಿ ಹಿಡಿಯುವವರಿಲ್ಲ.

ಪರೀಕ್ಷೆ ಮುಗಿದ ಮೇಲೆ ಸಾಹೇಬರು ಇವಳೊಬ್ಬಳನ್ನು ಮಾತ್ರ ತಮ್ಮ ಕೋಣೆಗೆ ಕರೆಯುತ್ತಿದ್ದರು. ಕುರ್ಚಿ ಕೊಡುತ್ತಿದ್ದರು. ನಾನೂರು ಜನರಲ್ಲಿ ಬೇರಾರಿಗೂ ಆ ಕುರ್ಚಿ ಇರಲಿಲ್ಲ.

"ನೀವು ಸರಿಯಾಗಿ ಹಿಡಿದ್ರಿ ಅಮ್ಮಾ. ಏನು ವ್ಯತ್ಯಾಸ ಅನ್ನಿಸ್ತು? ನಿಧಾನವಾಗಿ ಹೇಳಿ."

"ನಾಲಿಗೆ ತುದೀಲಿ ಏನೂ ಇಲ್ಲ ಸಾರ್. ನುಂಗಿದ ಮೇಲೆ ಗಂಟಲಲ್ಲಿ ಒಂಚೂರು ಹಿಟ್ಟು ನಿಂತ್ಕೊಳತ್ತೆ."

"ಭೇಷ್!" ಎಂದು ಅವರು ಬರೆದುಕೊಳ್ಳುತ್ತಿದ್ದರು. ಮುಂದಿನ ವಾರ ಗಂಟಲಲ್ಲಿ ಹಿಟ್ಟು ನಿಲ್ಲುತ್ತಿರಲಿಲ್ಲ. ನನ್ನ ಮಾತಿಗೆ ಬೆಲೆ ಇದೆ, ಹೇಳಿದ್ದನ್ನು ಸರಿಪಡಿಸುತ್ತಾರೆ ಎಂದು ಅವಳು ಹಿಗ್ಗಿಹೋಗುತ್ತಿದ್ದಳು. ಅವರು ಹಿಟ್ಟನ್ನು ಸರಿಪಡಿಸಿರಲಿಲ್ಲ. ಹಿಟ್ಟು ಎಲ್ಲಿ ಸಿಕ್ಕಿಬೀಳುತ್ತಿತ್ತೋ ಆ ಜಾಗವನ್ನು ಮುಚ್ಚಿದ್ದರು, ಅಷ್ಟೇ.

ಈ ಮರ್ಯಾದೆಗೆ ಅವಳು ತೆತ್ತದ್ದೇನು ಕಡಿಮೆಯಲ್ಲ. ನಾಲಿಗೆ ಶುಚಿಯಾಗಿರಬೇಕು ಎಂದು ಸಾಹೇಬರು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದರು. ಖಾರ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ, ಹುಳಿ ಹಣ್ಣು ಬೇಡ, ಬಿಸಿ ಕಾಫಿ ಬೇಡ. ಉಳಿದ ಏಳು ಜನ ಆ ಹಾಳೆಯಲ್ಲಿ ಊಟದ ಡಬ್ಬಿ ಸುತ್ತಿದರು. ಇವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಹತ್ತೊಂಬತ್ತು ವರ್ಷ ಸಪ್ಪೆ ಅನ್ನ, ಬೇಯಿಸಿದ ಸೋರೆಕಾಯಿ, ಆರಿದ ಕಾಫಿ. ಗಂಡ ಬದುಕಿರುವಷ್ಟು ದಿನ ಅವನಿಗೊಂದು ಪಾತ್ರೆ, ತನಗೊಂದು ಪಾತ್ರೆ. ನಾಲಿಗೆಗೆ ಅಂತ ಒಂದು ಗಟ್ಟಿ ರುಚಿ ಮುಟ್ಟುತ್ತಿದ್ದದ್ದು ದಿನಕ್ಕೊಮ್ಮೆ, ಕೆಂಪು ಬಲ್ಬಿನ ಕೆಳಗೆ, ಆ ಮೂರು ಲೋಟಗಳಲ್ಲಿ.

ಇದನ್ನೆಲ್ಲ ನೋಡಿ ಮೂಗು ಮುರಿಯುತ್ತಿದ್ದವಳು ಅಕ್ಕ. ಇವಳಿಗಿಂತ ಐದು ವರ್ಷ ದೊಡ್ಡವಳು, ಪಕ್ಕದ ಕೋಣೆಯಲ್ಲೇ ವಾಸ, ಮಧ್ಯೆ ಒಂದೇ ಗೋಡೆ. ಕಾರ್ಖಾನೆಯ ಗೇಟಿನ ಎದುರಿಗೆ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದಳು. ಹಲ್ಲು ಅರ್ಧ ಉದುರಿದ್ದವು, ಮಾತಿನ ಹಲ್ಲು ಒಂದೂ ಅಲ್ಲಾಡಿರಲಿಲ್ಲ. ತಂಗಿ ಹಬ್ಬದಂತೆ ತಂದುಕೊಟ್ಟ ಬಾಟಲಿಯನ್ನು ಮೊದಲ ದಿನವೇ ವಾಪಸು ಕೊಟ್ಟಿದ್ದಳು.

"ಬಾಟ್ಲಿ ಬಾಯಿಂದ ಬಂದಿದ್ದು ನನ್ನ ಬಾಯಿಗೆ ಬೇಡ ಕಣೇ."

"ಒಂದು ಚಮಚ ನೋಡು. ನಾನೇ ಪಾಸು ಮಾಡಿರೋದು."

"ನಿನ್ನನ್ನ ಯಾರು ಪಾಸು ಮಾಡಿದ್ರು? ಮೊದಲು ಹೋಗಿ ಖಾರವಾಗಿ ಏನಾದ್ರೂ ತಿನ್ನು. ಮುಖ ನೋಡು, ನೀರಲ್ಲಿ ನೆನೆಸಿಟ್ಟ ಹಾಗಿದೆ."

ಲಾರಿಗಳ ಸಾಲು ಕುಗ್ಗುತ್ತಾ ಬಂದದ್ದನ್ನು ಮೊದಲು ಗಮನಿಸಿದವಳೂ ಅಕ್ಕನೇ. ಗೇಟಿನ ಎದುರಿಗೇ ಇರುವವಳು, ಕಾಣದಿರುತ್ತದೆಯೇ? ತಿರುವಿನವರೆಗಿದ್ದ ಸಾಲು ಕಂಬದವರೆಗಾಯಿತು, ಕಂಬದಿಂದ ಗೇಟಿಗೆ ಬಂತು. ಆಮೇಲೆ ಹಣ್ಣಿನ ಲಾರಿಗಳ ಬದಲು ಗಟ್ಟಿ ಟೊಮೆಟೊ ರಸ ತುಂಬಿದ ನೀಲಿ ಡ್ರಮ್ಮುಗಳು ಬಂದವು. ಕೆಂಪು ಬಸಿಯುತ್ತಾ ರಸ್ತೆಯನ್ನೇ ಅಂಟು ಮಾಡುತ್ತಿದ್ದ ಆ ಗಲೀಜು ಮಾಯವಾಗಿ ಗೇಟು ಆಸ್ಪತ್ರೆಯಂತೆ ಸ್ವಚ್ಛವಾಯಿತು. "ನಿಮ್ಮ ಕಾರ್ಖಾನೆಗೆ ಈಗ ಹಣ್ಣು ಗಾಳೀಲಿ ಹಾರ್ಕೊಂಡು ಬರತ್ತೇನೇ?" ಎಂದು ಅಕ್ಕ ಕೇಳಿದರೆ ಇವಳು ಕೇಳಿಸದವಳಂತೆ ಬೀಗದ ಕೈ ಹುಡುಕುತ್ತಿದ್ದಳು.

ನಿವೃತ್ತಿಗೆ ಮೂರು ತಿಂಗಳಿರುವಾಗ ಸ್ಟೋರಿನವನು ಮೆಟ್ಟಿಲಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ. ಮುಂದಿನ ತಿಂಗಳಿಂದ ಟೊಮೆಟೊ ಡ್ರಮ್ಮೇ ಬೇಡ ಎಂದು ಕಾಗದ ಬಂದಿದೆ ಎಂದ. ಒಂದೂ ಇಲ್ಲವೇ ಎಂದಳು. ಒಂದೂ ಇಲ್ಲ ಎಂದ. ಟೊಮೆಟೊ ಇಲ್ಲದ ಟೊಮೆಟೊ ಸಾಸ್. ಅವಳು ತೊಟ್ಟು ಸಾಹೇಬರ ಕೋಣೆಗೆ ಹೋಗಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಕರೆಯದೆ ಕುರ್ಚಿಯಲ್ಲಿ ಕೂತಳು.

"ಸಾರ್, ಹಣ್ಣೇ ಇಲ್ಲದೆ ಸಾಸ್ ಮಾಡ್ತೀರಂತೆ."

"ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಅಮ್ಮಾ. ಪರೀಕ್ಷೆ ಆಗಿದೆ, ಅಷ್ಟೇ. ಮೊನ್ನೆ ಸೋಮವಾರದ ಮೂರು ಲೋಟ."

"ಅದರಲ್ಲಿ ನಾನೂ ಇದ್ದೆ."

"ಹೌದು, ಇದ್ರಿ." ಸಾಹೇಬರು ಚೀಟಿ ತೆಗೆದು ತೋರಿಸಿದರು. ಅವಳು ಗುರುತು ಹಾಕಿದ್ದ ಲೋಟ ತಪ್ಪಾಗಿತ್ತು. "ಮೊದಲ ಸಲ ತಪ್ಪಿದ್ರಿ. ನಮಗೆ ಬಹಳ ಸಂತೋಷ ಆಯ್ತು."

ಅವಳ ಮೈ ಉರಿದುಹೋಯಿತು. ಜಿಪುಣಿಯ ಬಾಯಿಂದ ಮಾತು ಒಮ್ಮೆಲೇ ಸುರಿಯಿತು. "ನನ್ನ ತಪ್ಪಲ್ಲ ಸಾರ್, ನಿಮ್ಮ ಮಾದರೀನೇ ಕೆಟ್ಟಿದೆ. ಕಳ್ಳನ ಪಕ್ಕ ಕಳ್ಳನ್ನ ನಿಲ್ಲಿಸಿ ಯಾರು ಬೇರೆ ಅಂದ್ರೆ ಏನು ಹೇಳೋದು? ನಿಜವಾದ ಸಾಸ್ ಪಕ್ಕದಲ್ಲಿ ಇಡಿ. ದೊಡ್ಡಮ್ಮನ ಕಾಲದ್ದು. ನಾನು ಮಾಡಿ ತರ್ತೀನಿ. ಎಂಟೂ ಜನ ಹಿಡೀತಾರೆ. ಹಿಡಿದ್ರೆ ನಿಮ್ಮ ಸೊನ್ನೆ ಸಾಸ್ ಚರಂಡಿಗೆ ಹೋಗ್ಬೇಕು. ಒಪ್ತೀರಾ?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಅವರ ಮುಖದಲ್ಲಿ ಮೂಡಿದ ನಗು, ಮಗು ತಾನಾಗೇ ಬಂದು ಮಡಿಲಲ್ಲಿ ಕೂತಾಗ ದೊಡ್ಡವರ ಮುಖದಲ್ಲಿ ಬರುವಂಥದ್ದು.

"ಒಪ್ಪಿದೆ. ಆರು ಜನ ಹಿಡಿದ್ರೆ ಸಾಕು, ಡ್ರಮ್ಮಿಗೆ ಮತ್ತೆ ಆರ್ಡರ್ ಹಾಕ್ತೀನಿ, ಬರೆದುಕೊಡ್ತೀನಿ. ಹೆಡ್ ಆಫೀಸಿನವರ ಎದುರಿಗೇ ಆಗ್ಲಿ. ನೀವು ಮನೇಲಿ ಆರಾಮಾಗಿ ಮಾಡಿ ಅಮ್ಮಾ. ನಿಮ್ಮ ನಾಲಿಗೆಗೆ ಸರಿ ಅನ್ನಿಸೋವರೆಗೂ ಮಾಡಿ. ಅವಸರ ಇಲ್ಲ."

ನಾಲಿಗೆಗೆ ಸರಿ ಅನ್ನಿಸುವವರೆಗೂ ಎಂಬ ಆ ಮಾತಿನಲ್ಲಿ ಏನಿತ್ತು ಎಂದು ಅವಳು ಆಗ ಯೋಚಿಸಲಿಲ್ಲ. ಗೆದ್ದವಳಂತೆ ಮೆಟ್ಟಿಲಿಳಿದಳು.

ಭಾನುವಾರ ಬೆಳಿಗ್ಗೆ ಅಕ್ಕನ ಗಾಡಿಯಿಂದಲೇ ಹಣ್ಣು ಆರಿಸಿದಳು. ಆರಿಸುವ ಬೆರಳುಗಳು ಏನೂ ಮರೆತಿರಲಿಲ್ಲ: ತೊಟ್ಟಿನ ಬಳಿ ಒತ್ತಿ, ಎತ್ತಿ, ತೂಗಿ ನೋಡಿ, ಮಾಗಿದ್ದನ್ನು ಮಾತ್ರ ತೆಗೆದಳು. ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಜರಡಿಯಲ್ಲಿ ಉಜ್ಜಿ, ದಪ್ಪ ತಳದ ಪಾತ್ರೆಯಲ್ಲಿ ಕುದಿಸಿದಳು. ಉಪ್ಪು, ಸಕ್ಕರೆ, ವಿನೆಗರ್, ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಲವಂಗ, ಚೂರು ದಾಲ್ಚಿನ್ನಿ. ದೊಡ್ಡಮ್ಮ ಮಾಡಿಸುತ್ತಿದ್ದದ್ದು ಇಷ್ಟೇ. ಮಧ್ಯಾಹ್ನದ ಹೊತ್ತಿಗೆ ಒಂದು ಹನಿ ಮುಂಗೈ ಮೇಲೆ ಬಿಟ್ಟು ನೆಕ್ಕಿದಳು.

ಏನೋ ಸರಿಯಿಲ್ಲ.

ಹಸಿ ವಾಸನೆ ಹೋಗಿಲ್ಲ ಎಂದು ಇನ್ನೊಂದು ಕುದಿ ಕುದಿಸಿದಳು. ಹುಳಿ ಏಕೋ ಅತ್ತಿತ್ತ ಚೆದರಿದೆ, ಒಂದೇ ಕಡೆ ನೆಟ್ಟಗೆ ನಿಲ್ಲುತ್ತಿಲ್ಲ ಎನಿಸಿತು, ವಿನೆಗರ್ ಹೆಚ್ಚಿಸಿದಳು. ಆಗ ಸಿಹಿ ಸೋತಿತು, ಸಕ್ಕರೆ ಹೆಚ್ಚಿಸಿದಳು. ನಾಲಿಗೆಯ ಮೇಲೆ ಮೈ ಸಾಲದು, ನೀರಿನ ಹಾಗೆ ಜಾರಿಹೋಗುತ್ತಿದೆ ಎನಿಸಿತು. ಬಹಳ ಹೊತ್ತು ಯೋಚಿಸಿ ಒಂದು ಚಮಚ ಹಿಟ್ಟನ್ನು ನೀರಿನಲ್ಲಿ ಕದಡಿ ಸುರಿದಳು. ದೊಡ್ಡಮ್ಮ ಬದುಕಿದ್ದರೆ ಅದೇ ಸೌಟಿನಿಂದ ಬೆನ್ನಿಗೆ ಬಾರಿಸುತ್ತಿದ್ದಳು. ಮುಂದಿನ ಭಾನುವಾರವೂ ಮಾಡಿದಳು, ಅದರ ಮುಂದಿನ ಭಾನುವಾರವೂ. ಮೂರನೆಯ ಪಾತ್ರೆಯ ಹನಿಯನ್ನು ನೆಕ್ಕಿ, ಕಣ್ಣುಮುಚ್ಚಿ, ಯಾರೂ ಇಲ್ಲದ ಅಡುಗೆಮನೆಯಲ್ಲಿ ಗಟ್ಟಿಯಾಗಿ "ಇಳಿಸಿ" ಎಂದಳು. ಅವಳ ಕಣ್ಣು ತುಂಬಿ ಬಂತು.

ಗೋಡೆಯಾಚೆಯಿಂದ ಅಕ್ಕನನ್ನು ಕರೆದು ಒಂದು ಚಮಚ ಕೊಟ್ಟಳು. ಅಕ್ಕ ಚಪ್ಪರಿಸಿ ನೋಡಿ ಮುಖ ಗಂಟಿಕ್ಕಿದಳು.

"ಅಂಗಡಿಯಿಂದ ತಂದ್ಯಾ?"

"ಏನಂದೆ?"

"ಬಾಟ್ಲೀದೇ ತಾನೇ ಇದು? ಅವತ್ತು ಮದುವೆ ಮನೇಲಿ ಗೊತ್ತಿಲ್ದೆ ಬಾಯಿಗೆ ಹಾಕ್ಕೊಂಡಿದ್ದೆ, ಥೇಟ್ ಹಿಂಗೇ ಇತ್ತು."

"ನಿನ್ನ ಗಾಡಿ ಹಣ್ಣಲ್ಲೇ ಮಾಡಿದ್ದು! ಬೆಳಿಗ್ಗೆಯಿಂದ ಒಲೆ ಮುಂದೆ ಸಾಯ್ತಿದೀನಿ. ನಿನಗೆ ಹೊಟ್ಟೆಕಿಚ್ಚು. ಯಾವತ್ತೂ ನನಗೆ ಒಳ್ಳೆ ಹೆಸರು ಬಂದದ್ದನ್ನ ನೋಡೋಕಾಗಲ್ಲ ನಿನಗೆ."

"ನನ್ನ ಹಣ್ಣಿಗೆ ಏನೇ ಮಾಡಿದೆ ನೀನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಕ್ಕ ಚಮಚವನ್ನು ಬಚ್ಚಲಿಗೆ ಹಾಕಿ ಹೋದಳು. ಅಕ್ಕತಂಗಿಯರ ಮಾತು ನಿಂತಿತು.

ಪರೀಕ್ಷೆಯ ದಿನ ಹೆಡ್ ಆಫೀಸಿನಿಂದ ಮೂವರು ಬಂದರು. ಮೂವರೂ ಕಾರ್ಖಾನೆಯ ನೀರನ್ನು ಕೂಡ ಕುಡಿಯದೆ ತಾವು ತಂದ ಬಾಟಲಿಯ ನೀರನ್ನೇ ಕುಡಿದರು, ಜಾಣರು. ರುಚಿ ಕೋಣೆಯಲ್ಲಿ ಕೆಂಪು ಬಲ್ಬು ಹತ್ತಿತು. ಇವಳು ಎಂಟನೆಯ ಗೂಡಿನಲ್ಲಿ ಕೂತಳು. ಆ ಲೋಟಗಳಲ್ಲಿ ಒಂದರಲ್ಲಿ ದೊಡ್ಡಮ್ಮನ ಶೆಡ್ಡು, ತಿರುವಿನವರೆಗಿನ ಲಾರಿ ಸಾಲು, ಬೆಂಕಿ ನೋಡಿಕೊಳ್ಳುತ್ತಿದ್ದ ಗಂಡ, ಎಲ್ಲ ಇದೆ ಎಂದುಕೊಂಡಳು. ಇದೊಂದು ಸಲ ಆರು ಜನ ಹಿಡಿದರೆ ಬಾಟಲಿಯಲ್ಲಿ ಹಣ್ಣು ಉಳಿಯುತ್ತದೆ.

ಕಿಂಡಿಯಿಂದ ಮೂರು ಲೋಟ ಬಂದವು. ಮೊದಲನೆಯದು ನೆಕ್ಕಿದಳು, ನೀರು ಕುಡಿದಳು. ಎರಡನೆಯದು ನೆಕ್ಕಿದಳು. ಹುಳಿ ನೆಟ್ಟಗೆ ನಿಂತಿತು, ಸಿಹಿ ಹಿಂದೆಯೇ ಬಂತು, ಮೈ ತುಂಬಿತ್ತು. ಮೂರನೆಯದನ್ನು ನಿಯಮಕ್ಕಾಗಿ ಮುಟ್ಟಿದಳು, ಅಷ್ಟೇ. ಮಾತಾಡಬಾರದೆಂಬುದನ್ನೂ ಮರೆತು ಎರಡನೆಯ ಲೋಟವನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಇದು ನಂದು!" ಎಂದಳು.

ಚೀಟಿಗಳನ್ನು ಸಾಹೇಬರು ಹೆಡ್ ಆಫೀಸಿನವರ ಎದುರಿಗೇ ಬಿಡಿಸಿದರು. ಎಂಟು ಜನರಲ್ಲಿ ಮೂವರು ಸರಿ. ಕಣ್ಣು ಕಟ್ಟಿ ಗೀಚಿಸಿದ್ದರೂ ಅಷ್ಟೇ ಬರುತ್ತಿತ್ತು. ಸರಿ ಹೇಳಿದವರಲ್ಲಿ ಟೈಪಿಸ್ಟ್ ಹೆಂಗಸೂ ಒಬ್ಬಳು. ಹೇಗೆ ಹಿಡಿದಿರಿ ಎಂದು ಕೇಳಿದರೆ, "ನಾನು ಯಾವಾಗ್ಲೂ ಮೂರನೇದೇ ಬರೆಯೋದು" ಎಂದಳು, ಬಿಸ್ಕತ್ತು ಅಗಿಯುತ್ತಾ.

ನಾಲಿಗಮ್ಮ ಎತ್ತಿ ಹಿಡಿದಿದ್ದ ಲೋಟದಲ್ಲಿ ಇದ್ದದ್ದು ಸೊನ್ನೆ ಸಾಸ್.

ಅವಳು ಒಪ್ಪಲಿಲ್ಲ. ಲೋಟ ಅದಲು ಬದಲಾಗಿದೆ ಎಂದಳು. ಸಾಹೇಬರು ಚೂರೂ ಬೇಸರಿಸದೆ ಅವಳ ಪಾತ್ರೆಯನ್ನೇ ತರಿಸಿ, ಅವಳ ಕೈಯಿಂದಲೇ ಬಗ್ಗಿಸಲು ಹೇಳಿ, ಬೆನ್ನು ತಿರುಗಿಸಿ ನಿಲ್ಲಿಸಿ ಮತ್ತೆ ಮೂರು ಲೋಟ ಕೊಟ್ಟರು. ಮತ್ತೆ ಕೊಟ್ಟರು. ನಾಲ್ಕನೆಯ ಸಲವೂ ಅವಳು ತನ್ನದೆಂದು ಎತ್ತಿಕೊಂಡದ್ದು ಸೊನ್ನೆಯ ಲೋಟವನ್ನೇ. ಹೆಡ್ ಆಫೀಸಿನ ಮೂವರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದರೋ ಅವಳಿಗೆ ತಿಳಿಯಲಿಲ್ಲ. ಅವಳನ್ನಂತೂ ಅವರು ನೋಡುತ್ತಿರಲಿಲ್ಲ.

"ಇದರಲ್ಲಿ ನಾಚಿಕೆ ಪಡೋದೇನಿಲ್ಲ ಅಮ್ಮಾ," ಎಂದರು ಸಾಹೇಬರು, ಅವಳನ್ನು ಕುರ್ಚಿಯಲ್ಲಿ ಕೂರಿಸಿ. "ಹತ್ತೊಂಬತ್ತು ವರ್ಷ ಈ ಸಾಸನ್ನ ನಾವು ಯಾರ ನಾಲಿಗೆಗೆ ಹೊಂದಿಸಿದ್ದು ಅಂದ್ಕೊಂಡ್ರಿ? ನೀವು ಎಲ್ಲಿ ಹಿಡಿದ್ರೋ ಅಲ್ಲಿ ತಿದ್ದಿದ್ವಿ. ಉಳಿದ ಏಳು ಜನ ಸುಮ್ನೆ ಲೆಕ್ಕಕ್ಕೆ. ಈಗ ನೀವು ಮನೇಲಿ ಮಾಡಿದ್ರೂ ನಮ್ಮದೇ ಬರತ್ತೆ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ ಹೇಳಿ?"

ಅವರು ನಿಜಕ್ಕೂ ಅದನ್ನು ಹೊಗಳಿಕೆ ಎಂದೇ ಹೇಳಿದರು. ಇಂಥವರನ್ನು ಬೈಯುವುದಾದರೂ ಹೇಗೆ? ಗೋಡೆಗೆ ಬೈದ ಹಾಗೆ.

ತಿಂಗಳೊಳಗೆ ಹೊಸ ಲೇಬಲ್ಲು ಬಂತು. ಇಬ್ಬನಿ ಹನಿಗಳಿರುವ ಒಂದು ಕೆಂಪು ಹಣ್ಣಿನ ಚಿತ್ರ; ಆ ಕಟ್ಟಡದಲ್ಲಿ ಉಳಿದ ಒಂದೇ ಒಂದು ಟೊಮೆಟೊ ಅದು. ಕೆಳಗೆ ದೊಡ್ಡಕ್ಷರದಲ್ಲಿ ‘ಟೊಮೆಟೊ’, ಇರುವೆ ಗಾತ್ರದಲ್ಲಿ ‘ರುಚಿಯ’, ಮತ್ತೆ ದೊಡ್ಡಕ್ಷರದಲ್ಲಿ ‘ಸಾಸ್’. ಪಕ್ಕದಲ್ಲಿ ಸೌಟು ಹಿಡಿದ ಗುಂಡು ಕೆನ್ನೆಯ ಒಬ್ಬ ಅಜ್ಜಿ. ‘ಮನೆಯಲ್ಲಿ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಅನುಭವಿಯ ನಾಲಿಗೆಯೇ ಸಾಕ್ಷಿ.’ ಮಾತು ಸುಳ್ಳಲ್ಲ. ಆ ಲೇಬಲ್ಲಿನಲ್ಲಿ ಸುಳ್ಳಲ್ಲದ ಮಾತು ಅದೊಂದೇ, ಅದನ್ನೂ ಅವಳಿಂದಲೇ ಕಿತ್ತುಕೊಂಡಿದ್ದರು. ಬೀಳ್ಕೊಡುಗೆಯ ದಿನ ಹನ್ನೆರಡು ಬಾಟಲಿಗಳ ಒಂದು ಪೆಟ್ಟಿಗೆಯನ್ನು ಕೈಗಿತ್ತು, ಬೆನ್ನು ತಟ್ಟಿ, ಗೇಟಿನವರೆಗೆ ಬಂದು ಕಳಿಸಿದರು.

ಗೇಟಿನ ಎದುರಿಗೇ ಅಕ್ಕನ ಗಾಡಿ. ಬೇರೆ ದಾರಿ ಇರಲಿಲ್ಲ. ಇವಳು ರಸ್ತೆ ದಾಟಿ, ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಗಾಡಿಯ ಚಕ್ರಕ್ಕೆ ಒರಗಿ ಕೂತಳು. ಅಕ್ಕ ಪೆಟ್ಟಿಗೆಯನ್ನು ನೋಡಿದಳು, ತಂಗಿಯ ಮುಖ ನೋಡಿದಳು. ಎರಡು ತಿಂಗಳಿನ ಮೌನವನ್ನು ಯಾರು ಮುರಿಯಬೇಕು ಎಂಬ ಚೌಕಾಸಿಗೆ ಹೋಗಲಿಲ್ಲ.

"ಊಟ ಆಯ್ತೇನೇ?"

"ನೀನು ಹೇಳಿದ್ದೇ ಸರಿ ಅಕ್ಕಾ," ಎಂದಳು ತಂಗಿ. "ಬಾಟ್ಲೀದೇ ಆಗಿತ್ತು."

ಅಕ್ಕ ರಾಶಿಯಿಂದ ಒಂದು ಟೊಮೆಟೊ ಆರಿಸಿ, ತನ್ನ ಬಟ್ಟೆಗೆ ಒರೆಸಿ, ಚಾಕುವಿನಿಂದ ಎರಡು ಹೋಳು ಮಾಡಿ, ಒಂದರ ಮೇಲೆ ಚಿಟಿಕೆ ಉಪ್ಪು ಉದುರಿಸಿ ಕೊಟ್ಟಳು. ಅಡುಗೆಮನೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬೇಡವೆಂದು ಬರೆದಿದ್ದ ಹುಳಿ ಹಣ್ಣು. ಹತ್ತೊಂಬತ್ತು ವರ್ಷದ ಮೇಲೆ ತಂಗಿ ಅದನ್ನು ಹಸಿಯಾಗಿ ಬಾಯಿಗೆ ಹಾಕಿಕೊಂಡಳು. ರಸ ಗಲ್ಲಕ್ಕೆ ಇಳಿಯಿತು. ಒರೆಸಿಕೊಳ್ಳದೆ, ಅಭ್ಯಾಸಬಲದಿಂದ ಕಣ್ಣುಮುಚ್ಚಿ ಬಾಯಲ್ಲಿ ಹೊರಳಿಸಿದಳು.

"ಹೇಗಿದೆ?" ಎಂದಳು ಅಕ್ಕ.

"ಹುಳಿ ಇದೆ. ಸಿಹೀನೂ ಇದೆ, ಸ್ವಲ್ಪ ಹಿಂದೆ. ನೀರು ಜಾಸ್ತಿ." ಇನ್ನೊಮ್ಮೆ ಹೊರಳಿಸಿದಳು. "ಮಧ್ಯದಲ್ಲಿ ಒಂಥರಾ ವಾಸನೆ ಅಡ್ಡ ಬರ್ತಿದೆ, ಎಲೆ ಹಿಚುಕಿದ ಹಾಗೆ. ಅದೊಂದನ್ನ ತೆಗೆದುಬಿಟ್ರೆ ಸರಿಹೋಗತ್ತೆ."

ಅಕ್ಕ ಚಾಕುವನ್ನು ಕೆಳಗಿಟ್ಟಳು.

"ಅದೇ ಕಣೇ ಟೊಮೆಟೊ."